ಸೇಂದಿ ಬಿಟ್ಟವಳ ಮೂರನೆಯ ದಿನ

ಕೃಷ್ಣೆಯ ಈಚೆ ದಡದವರಾದ ನಮಗೆ ಸೇಂದಿ ಎಂದರೂ ಒಂದೇ, ಕಲ್ಲು ಎಂದರೂ ಒಂದೇ. ಮಕ್ತಲ್ ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ರಾಯಚೂರು ಗಂಜಿನಲ್ಲಿ ಎರಡೂ. ಹತ್ತಿ ಮಾರಲು ಹೋದವನು ಸಂಜೆ ಒಂದು ಬಾಟಲಿ ಸೇಂದಿ ಕುಡಿದರೆ ಅದನ್ನು ನಮ್ಮ ಕಡೆ ಯಾರೂ ದೊಡ್ಡ ತಪ್ಪೆಂದು ಎಣಿಸಿದ್ದಿಲ್ಲ. ನಮ್ಮಪ್ಪ ಈಚಲು ಮರದ ಬುಡದಲ್ಲಿ ಕೂತು ಮುತ್ತುಗದ ಎಲೆಯಲ್ಲಿ ಕುಡಿಯುತ್ತಿದ್ದ. ಹುಳಿ ವಾಸನೆ, ಒಂದು ಹಾಡು, ಮತ್ತೆ ಹೊಲ. ಆ ಸೇಂದಿಯನ್ನು ನಾನಿಲ್ಲಿ ಬೈಯುತ್ತಿಲ್ಲ.

ಈಗ ಬಹಳ ಕಡೆ ಸಿಗುವುದು ಅದಲ್ಲ. ಮರ ಹೋದವು, ಕುಡಿಯುವವರು ಉಳಿದರು. ನಾಲ್ಕು ಮರದ ರಸಕ್ಕೆ ನಲವತ್ತು ಮಂದಿ ಬಾಯಿ ತೆರೆದು ನಿಂತರೆ ಮಾರುವವನು ಏನು ಮಾಡಿಯಾನು? ನೀರು, ಸಿಹಿಗೆ ಸ್ಯಾಕರಿನ್, ಅಮಲಿಗೆ ಪುಡಿ. 'ಸಿ.ಎಚ್. ಪೌಡರ್' ಎಂದು ಗಡಿಯ ಎರಡೂ ಕಡೆ ಹೆಸರಾದ ಅದು ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ತಯಾರಿಸಿದ ವಸ್ತು. 1869ರಿಂದ ನಿದ್ದೆಯ ಮದ್ದಾಗಿ ಬಳಕೆಗೆ ಬಂತು. ಅದು ಸಿಗದಿದ್ದರೆ ಡಯಾಜೆಪಾಮ್, ಅದೂ ಇಲ್ಲದಿದ್ದರೆ ಆಲ್ಪ್ರಜೋಲಾಮ್. ಕುಡಿಯುವವರಿಗೆ ಇದು ಯಾವುದೂ ಗೊತ್ತಿಲ್ಲ. ಹಗಲೆಲ್ಲ ಬಗ್ಗಿ ಕಳೆ ಕಿತ್ತ ಸೊಂಟಕ್ಕೆ ರಾತ್ರಿ ನಿದ್ದೆ ಬಂತು, ಅಷ್ಟೇ ಗೊತ್ತು.

2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದಲ್ಲಿ ಅಬಕಾರಿಯವರು ಕಲಬೆರಕೆ ಕಲ್ಲಿನ ಮೇಲೆ ದಾಳಿ ನಡೆಸಿದರು. ದುಕಾಣ ಮುಚ್ಚಿಸಬೇಕೆಂದು ಊರಲ್ಲಿ ಬರೆದ ಅರ್ಜಿಗೆ ಮೊದಲ ಸಹಿ ನನ್ನದೇ. ತೆಲುಗಿನಲ್ಲಿ ಒಂದು ಪದ್ಯವನ್ನೂ ಕಟ್ಟಿದ್ದೆ. ಅದನ್ನು ಈಗ ಯಾರಿಗೂ ತೋರಿಸುವುದಿಲ್ಲ. ದುಕಾಣಕ್ಕೆ ಬೀಗ ಬಿದ್ದ ಎರಡನೆಯ ದಿನ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದಳು.

"ಕಾಕಾ, ಕೈ ನಡಗ್ತಾವ. ಎರಡು ರಾತ್ರಿ ಆತು ಕಣ್ಣು ಮುಚ್ಚಿಲ್ಲ. ಗ್ವಾಡಿ ಮ್ಯಾಲ ಇರುವಿ ಹರಿದಾಡಿದಂಗ ಕಾಣ್ತದ."

"ಬಿಡಬೇಕಂದ್ರ ಇಷ್ಟು ಕಷ್ಟ ಇದ್ದದ್ದೇ ಯವ್ವ. ಎರಡು ದಿನ ತಡಕೋ, ಹೋಗ್ತದ" ಎಂದೆ. ದೊಡ್ಡ ಉಪದೇಶ ಮಾಡಿದವನ ಹಾಗೆ ಒಳಗೆ ಹೋಗಿ ಊಟಕ್ಕೆ ಕೂತೆ.

ಮೂರನೆಯ ದಿನ ಬೇಲಿಯ ಹತ್ತಿರ ಆಕೆ ಕಟ್ಟಿಗೆಯಂತೆ ಸೆಟೆದು ಬಿದ್ದಳು. ಬಾಯಲ್ಲಿ ನೊರೆ. ಯಾರೋ ಕೈಗೆ ಕುಡುಗೋಲು ಕೊಟ್ಟರು, ಇನ್ಯಾರೋ ದೆವ್ವವೆಂದರು. ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಒಯ್ದರೆ ಅಲ್ಲೊಬ್ಬರು, "ಕುಡುಕರನ್ನೂ ತಂದು ಹಾಕ್ತೀರಲ್ಲ" ಎಂದರು. ಪುಣ್ಯಕ್ಕೆ ಪಾಳಿಗೆ ಬಂದ ಎಳೆಯ ವೈದ್ಯನೊಬ್ಬ ಸರಿಯಾದ ಪ್ರಶ್ನೆ ಕೇಳಿದ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಬಾಟಲಿ, ಕೊನೆಯದಾಗಿ ಕುಡಿದದ್ದು ಯಾವಾಗ? ಆಕೆ ಬದುಕಿದಳು. ಹಿಂದಿನ ಓಣಿಯ ಮುದುಕನೊಬ್ಬನನ್ನು ಯಾರೂ ಒಯ್ಯಲಿಲ್ಲ. ಅವನ ಮಣ್ಣಿಗೆ ನಾನೂ ಹೋಗಿದ್ದೆ.

ಆ ವಾರ ನಿಜಾಮಾಬಾದ್, ಮಹಬೂಬ್‌ನಗರದ ಆಸ್ಪತ್ರೆಗಳಲ್ಲಿ ಇಂಥವರು ನೂರಾರು ಮಂದಿ. ಕುಡಿದು ಬಂದವರಲ್ಲ, ಕುಡಿಯುವುದು ನಿಂತು ಬಂದವರು! ಇದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಬ್ರೇಕ್ ಹಾಕಿದ ಬಂಡಿಯನ್ನೇ ವರ್ಷಗಟ್ಟಲೆ ಎಳೆದ ಎತ್ತು ಆ ಭಾರಕ್ಕೆ ತಕ್ಕಂತೆ ಬಲ ಹಾಕುವುದನ್ನು ಕಲಿತಿರುತ್ತದೆ. ಒಮ್ಮೆಗೇ ಬ್ರೇಕ್ ಬಿಟ್ಟರೆ ಬಂಡಿ ಎಲ್ಲಿಗೆ ನುಗ್ಗೀತು? ಈ ಪುಡಿ, ಗುಳಿಗೆಗಳು ಮಿದುಳಿಗೆ ಹಾಕಿದ ಬ್ರೇಕು. ಥಟ್ಟನೆ ತೆಗೆದರೆ ನಡುಕ, ಭ್ರಮೆ, ಮೂರ್ಛೆ, ಕೆಲವೊಮ್ಮೆ ಸಾವು. ಆದ್ದರಿಂದ ವೈದ್ಯರು ನಿಧಾನವಾಗಿ ಇಳಿಯುವ ಡಯಾಜೆಪಾಮ್ ಗುಳಿಗೆಯನ್ನು ಅಳೆದು ಕೊಟ್ಟು, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ತಗ್ಗಿಸುತ್ತಾರೆ. ನಮ್ಮಾಕೆಗೆ ಎರಡೂವರೆ ತಿಂಗಳು ಹಿಡಿಯಿತು.

"ವಿಷ ಬಿಡಿಸಲು ಅದೇ ವಿಷವೇ? ಇದು ಕುಡುಕರಿಗೆ ಕುಮ್ಮಕ್ಕಲ್ಲವೇ?" ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದವನೇ. ಆದರೆ ದೂರದ ಮಣಿಪುರದಲ್ಲಿ ಒಂದೇ ಸೂಜಿಯಿಂದ ಹತ್ತು ಹುಡುಗರು ಹೆರಾಯಿನ್ ಚುಚ್ಚಿಕೊಂಡು ಏಡ್ಸ್ ಹಬ್ಬಿದಾಗ ಅಲ್ಲಿನವರು ಬರೀ ಬೈಯುತ್ತ ಕೂರಲಿಲ್ಲ. ಬಳಸಿದ ಸೂಜಿ ತೆಗೆದುಕೊಂಡು ಹೊಸದನ್ನು ಕೊಟ್ಟರು. 1996ರಲ್ಲಿ ಆ ರಾಜ್ಯದ ಏಡ್ಸ್ ನೀತಿಯೇ ಇದನ್ನು ಒಪ್ಪಿತು. ಮುಂದೆ ಹೆರಾಯಿನ್ ಬದಲು ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಗುಳಿಗೆಯನ್ನು ಸರ್ಕಾರಿ ಕೇಂದ್ರಗಳೇ ಕೊಡತೊಡಗಿದವು. ಬಿಡುವವನು ಬಿಡುವ ತನಕ ಬದುಕಿರಬೇಕಲ್ಲ, ಅದು ಅವರ ಲೆಕ್ಕ. ಇದಕ್ಕೆ ಹಾನಿ ತಗ್ಗಿಸುವುದು ಎನ್ನುತ್ತಾರಂತೆ. ಹೆಸರು ಏನಾದರೂ ಇರಲಿ.

ನಮ್ಮಲ್ಲಿ ಗಡಿಯೇ ಒಂದು ತೊಡಕು. ಇಲ್ಲಿ ಕಲ್ಲು ದುಕಾಣಕ್ಕೆ ಪರವಾನಗಿ ಇದೆ. ನದಿ ದಾಟಿದರೆ ರಾಯಚೂರಿನಲ್ಲಿ ಸೇಂದಿ ನಿಷಿದ್ಧ. ಪುಡಿಗೆ ಸೇತುವೆ ದಾಟಲು ಯಾರ ಅಪ್ಪಣೆಯೂ ಬೇಕಿಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲೇ ಕಲಬೆರಕೆ ಕಲ್ಲು ಕುಡಿದು ಹಲವರು ಸತ್ತರೆಂದ ಮೇಲೆ ನಮ್ಮಂಥ ಹಳ್ಳಿಯ ಪಾಡೇನು? ದಾಳಿ ಬೇಡವೆಂದು ನಾನು ಹೇಳುವುದಿಲ್ಲ. ಬೀಗ ಹಾಕಲು ಜೀಪು ಬರುವ ದಿನವೇ ಗುಳಿಗೆ ಹಿಡಿದ ವೈದ್ಯರೂ ಬರಲಿ, ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಲಿ. ಇಷ್ಟು ಸಣ್ಣ ಮಾತು ಯಾವ ಅರ್ಜಿಯಲ್ಲೂ ಇರುವುದಿಲ್ಲ, ನನ್ನ ಅರ್ಜಿಯಲ್ಲೂ ಇರಲಿಲ್ಲ.

ಕೂಲಿಯಾಳು ಇಟ್ಟುಕೊಂಡ ರೈತರು, ಹಮಾಲರಿರುವ ಅಡತಿ ಅಂಗಡಿಯವರು ಇದನ್ನು ತಿಳಿದಿರಬೇಕು. ದಿನಾ ಕುಡಿಯುವವನಿಗೆ "ಇವತ್ತೇ ಬಿಡು" ಎಂದು ಆಣೆ ಹಾಕಿಸಬೇಡಿ. ಇವತ್ತಿನ ಬಾಟಲಿಯಲ್ಲಿರುವ ಪುಡಿಯ ಅಳತೆ ನಾಳೆಯದರಲ್ಲಿ ಇರುವುದಿಲ್ಲ, ಹಾಗಾಗಿ ತಾನೇ ತಗ್ಗಿಸಿಕೊಳ್ಳುವುದೂ ನಂಬಿಕೆಯ ದಾರಿಯಲ್ಲ. ವೈದ್ಯರಲ್ಲಿಗೆ ಕರೆದೊಯ್ದು ಸತ್ಯ ಹೇಳಿಸಿ. ಮೆಡಿಕಲ್ ಶಾಪಿನಿಂದ ನೀವೇ ಗುಳಿಗೆ ತಂದುಕೊಡಬೇಡಿ. ಸೇಂದಿಯ ಮೇಲೆ ಬ್ರಾಂದಿ ಕುಡಿದರೆ ಉಸಿರೇ ನಿಂತೀತು. ಎಬ್ಬಿಸಿದರೂ ಏಳದವನನ್ನು ಮಗ್ಗುಲಿಗೆ ಮಲಗಿಸಿ. ಮೂರ್ಛೆ ಬಂದರೆ ಕೈಗೆ ಕಬ್ಬಿಣ ಬೇಡ, ಬಾಯಿಗೆ ನೀರೂ ಬೇಡ. ಸುತ್ತಲ ಕಲ್ಲು, ಕುಡುಗೋಲು ಸರಿಸಿ 108ಕ್ಕೆ ಫೋನು ಮಾಡಿ. ರಾತ್ರಿ ಹೊತ್ತು ದಾರಿ ತೋಚದಿದ್ದರೆ 14416. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ಕನ್ನಡ ತೆಲುಗು ಎರಡರಲ್ಲೂ ಮಾತಾಡುತ್ತಾರೆ.

ಆ ಹೆಣ್ಣುಮಗಳು ಈಗಲೂ ನಮ್ಮ ಹೊಲಕ್ಕೆ ಬರುತ್ತಾಳೆ. ಓದು ಬರಹ ಇಲ್ಲ, ಆದರೆ ಯಾರ ಮನೆಯಲ್ಲಿ ಎಷ್ಟು ಬಾಟಲಿ ಎಂಬುದು ಬಾಯಿಪಾಠ. ಕಳೆದ ದೀಪಾವಳಿಯ ಮುಂಚೆ ದುಕಾಣ ಮತ್ತೆ ಮುಚ್ಚಿತು. ಮರುದಿನ ಬೆಳಕು ಹರಿಯುವ ಮೊದಲೇ ಬಂದು ಬಾಗಿಲು ಬಡಿದಳು.

"ಕಾಕಾ, ಮೂರು ಮನಿ ಅದಾವ. ಗಾಡಿ ತಗಿ."

ಅವತ್ತು ಹತ್ತಿ ಬಿಡಿಸುವ ದಿನ, ಹನ್ನೆರಡು ಆಳು ಹೇಳಿಟ್ಟಿದ್ದೆ. ಟ್ರ್ಯಾಕ್ಟರ್ ತೆಗೆದೆ.