ಕ್ಯಾರೆಟ್ ಕಾಣದ ಮೊಲಗಳ ಊರಿಂದ

ಮಕ್ಕಳ ಪುಸ್ತಕದ ಅಂಗಡಿಯಲ್ಲಿ ಮೊಲ ಇಲ್ಲದ ಕಪಾಟು ಸಿಗೋದು ಕಷ್ಟ. ನೀಲಿ ಕೋಟು ತೊಟ್ಟ ಪೀಟರ್ ರ‍್ಯಾಬಿಟ್, ಡಚ್ ಕಲಾವಿದ ಡಿಕ್ ಬ್ರೂನಾ 1955ರಲ್ಲಿ ಹುಟ್ಟುಹಾಕಿದ ಮಿಫಿ, ನಾವೆಲ್ಲ ಓದಿ ಬೆಳೆದ 'ಚಂಪಕ'ದ ಚೀಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಬೆಂಗಳೂರಿಗೆ ಬಂದು ನೆಲೆಸಿದವರ ಮನೆಗಳಲ್ಲೂ ಇವೇ ಇರುತ್ತವೆ. ತಪ್ಪೇನಿಲ್ಲ ಬಿಡಿ. ಆದರೆ ರಜೆಗೆ ಊರಿಗೆ ಹೋದಾಗ ಅಜ್ಜಿ "ಬಾ ಪುಟ್ಟಾ, ಮೊಲದ ಕಥೆ ಹೇಳ್ತೀನಿ" ಅಂದಾಗ, ಮಗು "ಮೊಲ ಅಂದ್ರೆ ಬನ್ನಿನಾ?" ಅಂತ ಕೇಳಿದರೆ ಅಜ್ಜಿಯ ಅರ್ಧ ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ.

ನಿಜ ಹೇಳಬೇಕಂದ್ರೆ ಬನ್ನಿ ಬೇರೆ, ನಮ್ಮ ಮೊಲ ಬೇರೆ. ಪೀಟರ್ ಜಾತಿಯದು ಬಿಲದಲ್ಲಿ ಇರುತ್ತದೆ. ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಬೋಳು ಮೈಯಲ್ಲಿ ಹುಟ್ಟುತ್ತವೆ. ಮಲೆನಾಡಿನ ಕಾಡುಮೊಲದ ಕತ್ತಿನ ಹಿಂದೆ ಕಪ್ಪು ಪಟ್ಟೆ ಇರುತ್ತದೆ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯ ತಗ್ಗಿನಲ್ಲೇ ಮಲಗುತ್ತದೆ. ಮರಿಗಳು ಮೈತುಂಬ ಕೂದಲಿನೊಂದಿಗೆ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ. ರಾತ್ರಿ ತೋಟದ ದಾರಿಯಲ್ಲಿ ಕಾರಿನ ಬೆಳಕಿಗೆ ಕಂಗಾಲಾಗಿ ಓಡುವುದು ಇದೇ ಮೊಲ. ಹುಲ್ಲು, ಚಿಗುರು ತಿಂದು ಬದುಕುವ ಅದಕ್ಕೆ ಕ್ಯಾರೆಟ್ ಏನಂತಲೇ ಗೊತ್ತಿಲ್ಲ.

ಕಥೆಗಳಿಗೂ ನಮ್ಮಲ್ಲಿ ಬರವಿಲ್ಲ. ಸಿಂಹಕ್ಕೆ ಬಾವಿಯೊಳಗಿನ ನೆರಳು ತೋರಿಸಿ ಕೆಡವಿದ ಮೊಲ, ಕೊಳದಲ್ಲಿ ಅಲುಗುವ ಚಂದ್ರನನ್ನು ತೋರಿಸಿ ಆನೆಗಳನ್ನು ಹಿಂದಕ್ಕೆ ಕಳಿಸಿದ ಮೊಲ, ಇವೆರಡೂ ಪಂಚತಂತ್ರದವು. ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದದ್ದು ಸುಮಾರು 1031ರಲ್ಲಿ. ಅಪಾರ್ಟ್‌ಮೆಂಟಿಗೊಬ್ಬ ಶಶಾಂಕ ಇರ್ತಾನಲ್ಲ, ಆ ಹೆಸರಿನಲ್ಲೇ ಚಂದ್ರನ ಮೇಲಿನ ಮೊಲ ಕೂತಿದೆ.

ಶೃಂಗೇರಿಗೂ ಒಂದು ಮೊಲದ ನಂಟಿದೆ. ಹಕ್ಕ-ಬುಕ್ಕರು ಬೇಟೆಗೆ ಹೋದಾಗ ಮೊಲವೊಂದು ತಿರುಗಿ ನಿಂತು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋಯಿತಂತೆ. ಆ ಗಂಡುನೆಲದಲ್ಲೇ ಊರು ಕಟ್ಟಿ ಅಂದವರು ಶೃಂಗೇರಿ ಪೀಠದ ವಿದ್ಯಾರಣ್ಯರು, ಹಾಗೆ ಎದ್ದದ್ದು ವಿಜಯನಗರ ಅನ್ನುವುದು ಐತಿಹ್ಯ. ಶೃಂಗೇರಿಯಲ್ಲೇ ತುಂಗೆಯ ದಡದಲ್ಲಿ ಕಪ್ಪೆ ಶಂಕರ ಇದೆ. ಹೆರುತ್ತಿದ್ದ ಕಪ್ಪೆಗೆ ಬಿಸಿಲು ತಾಗದಂತೆ ಹಾವು ಹೆಡೆಬಿಚ್ಚಿದ ಕಥೆ ಅಲ್ಲಿಯದು. ಎರಡರಲ್ಲೂ ಗೆಲ್ಲುವುದು ಸಣ್ಣ ಜೀವ. ಮಕ್ಕಳಿಗೆ ಮೊಲ ಇಷ್ಟವಾಗೋದೂ ಅದಕ್ಕೇ. ದೊಡ್ಡವರೇ ತುಂಬಿದ ಮನೆಯಲ್ಲಿ ಅವರೂ ಸಣ್ಣವರು ತಾನೇ?

ಒಂದು ಕಷ್ಟದ ಪ್ರಶ್ನೆಯೂ ಬರುತ್ತದೆ: "ಅಜ್ಜ ಮೊಲ ತಿಂತಿದ್ರಾ?" ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿ ಓದಿದವರಿಗೆ ಮಲೆನಾಡಿನ ಶಿಕಾರಿ ಹೊಸದಲ್ಲ. ಮುಚ್ಚಿಡಬೇಡಿ. ಪೀಟರ್‌ನ ಅಪ್ಪನೂ ಮೆಕ್‌ಗ್ರೆಗರ್ ಮನೆಯ ಕಡುಬಿಗೆ ಹೂರಣವಾದವನೇ. "ಹಿಂದೆ ಹೊಡೀತಿದ್ರು, 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಅಪರಾಧ" ಅಂತ ನೇರವಾಗಿ ಹೇಳಿದರೆ ಮಗುವಿಗೆ ಅರ್ಥವಾಗುತ್ತೆ.

ಹಾಗಾದ್ರೆ ನಾವೇನು ಮಾಡಬಹುದು? ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಫೋನಿನಲ್ಲೇ ಉಚಿತವಾಗಿ ಓದಬಹುದು, ಬೇರೆ ಭಾಷೆಯ ಕಥೆಯನ್ನು ನೀವೇ ಕನ್ನಡಕ್ಕೆ ತರಲೂಬಹುದು. ಇನ್ನೊಂದು ದಾರಿ ಬಿಯಾಟ್ರಿಕ್ಸ್ ಪಾಟರ್ ತೋರಿಸಿದ್ದು. ಪೀಟರ್ ಶುರುವಾಗಿದ್ದು 1893ರಲ್ಲಿ, ಕಾಯಿಲೆ ಬಿದ್ದ ಹುಡುಗನೊಬ್ಬನಿಗೆ ಬರೆದ ಚಿತ್ರಪತ್ರವಾಗಿ. ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ಆಕೆ ತಾನೇ 250 ಪ್ರತಿ ಅಚ್ಚು ಹಾಕಿಸಿದಳು. ಮರುವರ್ಷ ಪ್ರಕಾಶಕರೇ ಮುಂದೆ ಬಂದರು.

ನಮಗೆ ಅಚ್ಚುಮನೆಯೂ ಬೇಡ. ಈ ಭಾನುವಾರ ಅಜ್ಜಿಗೆ ಫೋನ್ ಮಾಡಿ, ಒಂದು ಮೊಲದ ಕಥೆಯನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸೋಕೆ ಹೇಳಿ. ಮಗು ಅದನ್ನು ಕೇಳಿ ಚಿತ್ರ ಬರೆಯಲಿ, ಕೆಳಗೆ ಅಜ್ಜಿಯ ಮಾತನ್ನು ಅವರ ಮಾತಿನ ಹಾಗೇ ನೀವು ಬರೆಯಿರಿ. ಎಂಟು ಹಾಳೆ, ಎರಡು ಸ್ಟೇಪಲ್ ಪಿನ್ನು ಸಾಕು. ಹಬ್ಬಕ್ಕೆ ಊರಿಗೆ ಹೋಗುವಾಗ ಆ ಪುಸ್ತಕ ಮರೀದೆ ಬ್ಯಾಗಿಗೆ ಹಾಕಿ. ಅಜ್ಜಿಗೆ ಅದನ್ನು ಓದಿ ಹೇಳುವ ಸರದಿ ಮಗುವಿನದು.