‘ಡೇಟಾ’ ಎಂದರೆ ಕೊಟ್ಟದ್ದು

ಕಾರವಾರ–ಅಂಕೋಲಾ ಬಸ್ಸಿನಲ್ಲಿ ಬರುವಾಗ ಕಿವಿಗೆ ಬೀಳುವ ಮಾತುಗಳಲ್ಲಿ ‘ಡೇಟಾ ಮುಗೀತು’ ಎಂಬುದೂ ಒಂದು. ಮನೆಯಲ್ಲಿ ಕನ್ನಡ ಮಾತಾಡುವವರು, ಕೊಂಕಣಿ ಮಾತಾಡುವವರು, ಉರ್ದು ಮಾತಾಡುವವರು ಎಲ್ಲರೂ ಈ ಪದವನ್ನು ಹಾಗೆಯೇ ಬಳಸುತ್ತೇವೆ. ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿಯೂ ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿಯೂ ಇದೇ ಪದ. ಆದರೆ ಇಂಗ್ಲಿಷ್‌ನಲ್ಲಿ ಉತ್ತರ ಬರೆಯುವಾಗ ‘ಡೇಟಾ ಈಸ್’ ಎನ್ನಬೇಕೋ ‘ಡೇಟಾ ಆರ್’ ಎನ್ನಬೇಕೋ ತಿಳಿಯದೆ ಪೆನ್ನು ನಿಲ್ಲುತ್ತದೆ. ಈ ಪದದ ಅರ್ಥ, ಮೂಲ ಮತ್ತು ಬಳಕೆಯನ್ನು ಸ್ವಲ್ಪ ನೋಡೋಣ.

ಅರ್ಥ

ಅಳತೆ ಮಾಡಿ, ಎಣಿಸಿ ಅಥವಾ ಕೇಳಿ ಬರೆದಿಟ್ಟುಕೊಂಡ ಸಂಗತಿಗಳೇ ಡೇಟಾ. ಬೈತಕೋಲ್ ಬಂದರಿನಲ್ಲಿ ಒಂದು ದಿನ ಇಳಿದ ಬಂಗಡೆಯ ತೂಕವನ್ನು ಬರೆದುಕೊಂಡರೆ ಅದು ಒಂದು ಸಂಗತಿ. ತಿಂಗಳಿಡೀ ಬರೆದರೆ ಅದು ಡೇಟಾ. ಅದರಿಂದ ‘ಈ ತಿಂಗಳು ಮೀನು ಕಡಿಮೆ’ ಎಂಬ ತಿಳಿವಳಿಕೆ ಬಂದರೆ ಅದು ಮಾಹಿತಿ. ಅಂದರೆ ಡೇಟಾ ಕಚ್ಚಾ ಸಾಮಗ್ರಿ, ಮಾಹಿತಿ ಅದರಿಂದ ಸಿದ್ಧವಾದದ್ದು. ಮೊಬೈಲಿನ ‘ಡೇಟಾ ಮುಗೀತು’ ಎಂಬ ಮಾತಿನಲ್ಲಿ ಮಾತ್ರ ಅರ್ಥ ಸ್ವಲ್ಪ ಬೇರೆ. ಅಲ್ಲಿ ಮುಗಿಯುವುದು ಸಂಗತಿಗಳಲ್ಲ, ಅವನ್ನು ತರಿಸಿಕೊಳ್ಳಲು ನಾವು ಹಣ ಕೊಟ್ಟು ಪಡೆದ ಅಳತೆ.

ಮೂಲ

‘ಡೇಟಾ’ ಲ್ಯಾಟಿನ್ ಪದ. ‘ಕೊಡು’ ಎಂಬರ್ಥದ ‘ದಾರೆ’ ಧಾತುವಿನಿಂದ ‘ದಾತುಮ್’ ಬಂತು. ‘ದಾತುಮ್’ ಎಂದರೆ ಕೊಟ್ಟದ್ದು. ಅದರ ಬಹುವಚನ ‘ದಾತಾ’, ಅಂದರೆ ಕೊಟ್ಟವುಗಳು. 17ನೇ ಶತಮಾನದಲ್ಲಿ ಇದು ಇಂಗ್ಲಿಷಿಗೆ ಬಂತು. ಕಂಪ್ಯೂಟರಿನ ಅರ್ಥ ಸೇರಿಕೊಂಡದ್ದು 20ನೇ ಶತಮಾನದಲ್ಲಿ.

ಕನ್ನಡದ ‘ದತ್ತಾಂಶ’ವನ್ನು ಬಿಡಿಸಿ ನೋಡಿ: ದತ್ತ + ಅಂಶ, ಸವರ್ಣದೀರ್ಘ ಸಂಧಿ. ದತ್ತ ಎಂದರೂ ಕೊಟ್ಟದ್ದೇ. ದತ್ತು ಮಗು, ದತ್ತಿ ನಿಧಿ ಎಂಬ ಪದಗಳಲ್ಲಿಯೂ ಇದೇ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ರೇಖಾಗಣಿತದ ಪ್ರಮೇಯವನ್ನು ‘ದತ್ತ’ ಎಂದೇ ಆರಂಭಿಸಿ, ನಂತರ ‘ಸಾಧನೀಯ’ ಬರೆದದ್ದು ನೆನಪಿರಬಹುದು. ಸಂಸ್ಕೃತದ ‘ದತ್ತ’ ಮತ್ತು ಲ್ಯಾಟಿನ್ನಿನ ‘ದಾತುಮ್’ ಒಂದೇ ಬೇರಿನಿಂದ ಬಂದವು. ಉರ್ದುವಿನ ‘ದಿಯಾ’, ಕೊಂಕಣಿಯ ‘ದಿಲೆಂ’ ಮತ್ತು ಪಾರಸಿಯ ‘ದಾದನ್’ ಕೂಡ ಅದೇ ಬಳಗದವು.

ಅರಬ್ಬಿ ಬೇರೆ ಭಾಷಾ ಕುಟುಂಬಕ್ಕೆ ಸೇರಿದ್ದು. ಆದರೂ ಅಲ್ಲಿಯೂ ಇದೇ ಕಲ್ಪನೆ ಇದೆ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ‘ಕೊಟ್ಟವುಗಳು’ ಎಂಬ ಹೆಸರಿನ ಒಂದು ಗ್ರಂಥ ಬರೆದಿದ್ದ. ಲ್ಯಾಟಿನ್ನಿನಲ್ಲಿ ಅದರ ಹೆಸರು ‘ಡೇಟಾ’ ಎಂದೇ ಆಯಿತು. 9ನೇ ಶತಮಾನದಲ್ಲಿ ಇಸ್‌ಹಾಕ್ ಇಬ್ನ್ ಹುನೈನ್ ಅದನ್ನು ಅರಬ್ಬಿಗೆ ಅನುವಾದಿಸಿದರು, ಸಾಬಿತ್ ಇಬ್ನ್ ಖುರ್ರಾ ಪರಿಷ್ಕರಿಸಿದರು. ಅರಬ್ಬಿಯಲ್ಲಿ ಅದರ ಹೆಸರು ‘ಅಲ್ ಮುಅತಯಾತ್’. ಉರ್ದುವಿನಲ್ಲಿ ‘ಅತಾ ಕರನಾ’ ಎನ್ನುತ್ತೇವಲ್ಲ, ಆ ‘ಅತಾ’ದ ಬೇರೇ ಇದಕ್ಕೂ ಬೇರು. ಅರ್ಥ ಮತ್ತೆ ಅದೇ, ಕೊಟ್ಟವುಗಳು.

ಇಂಗ್ಲಿಷ್ ವ್ಯಾಕರಣ

ಮೂಲದಲ್ಲಿ ಬಹುವಚನವಾದುದರಿಂದ ವಿಜ್ಞಾನದ ಬರಹಗಳಲ್ಲಿ ‘ದೀಸ್ ಡೇಟಾ ಆರ್’ ಎಂದು ಬರೆಯುವ ರೂಢಿ ಇದೆ. ದಿನಬಳಕೆಯಲ್ಲಿ ಹಾಗೂ ಕಂಪ್ಯೂಟರ್ ಬರಹಗಳಲ್ಲಿ ‘ದಿಸ್ ಡೇಟಾ ಈಸ್’ ಹೆಚ್ಚು. ಅಲ್ಲಿ ಡೇಟಾ, ‘ವಾಟರ್’, ‘ರೈಸ್’ಗಳಂತೆ ಎಣಿಸಲಾಗದ ನಾಮಪದ. ಎರಡೂ ಸರಿ. ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬಾರದು, ಅಷ್ಟೆ. ‘ಈಸ್’ ಆರಿಸಿಕೊಂಡರೆ ‘ಮಚ್ ಡೇಟಾ’, ‘ಲೆಸ್ ಡೇಟಾ’ ಎನ್ನಿ. ‘ಆರ್’ ಆರಿಸಿಕೊಂಡರೆ ‘ಮೆನಿ ಡೇಟಾ’, ‘ಫ್ಯೂಯರ್ ಡೇಟಾ’ ಎನ್ನಿ. ‘ಡೇಟಾಸ್’, ‘ಎ ಡೇಟಾ’ ಎಂಬವು ತಪ್ಪು. ಒಂದನ್ನೇ ಹೇಳಬೇಕಾದರೆ ‘ಎ ಪೀಸ್ ಆಫ್ ಡೇಟಾ’ ಸಾಕು.

ಕನ್ನಡದಲ್ಲಿ

ಕನ್ನಡಕ್ಕೆ ಬಂದ ಮೇಲೆ ಡೇಟಾ ನಮ್ಮ ‘ಮರ’ದಂತೆ ನಪುಂಸಕಲಿಂಗದ ಪದ. ಮರವನ್ನು – ಡೇಟಾವನ್ನು, ಮರದಿಂದ – ಡೇಟಾದಿಂದ, ಮರದಲ್ಲಿ – ಡೇಟಾದಲ್ಲಿ. ಚತುರ್ಥಿಯಲ್ಲಿ ಮಾತ್ರ ‘ಡೇಟಾಕ್ಕೆ’, ‘ಡೇಟಾಗೆ’ ಎಂಬ ಎರಡೂ ರೂಪಗಳು ಕೇಳಿಬರುತ್ತವೆ. ‘ಡೇಟಾ ಇದೆ’ ಎಂದು ಏಕವಚನದಲ್ಲಿ ಬಳಸುವುದೇ ರೂಢಿ. ‘ದತ್ತಾಂಶ’ ಬಳಸಿದರೆ ‘ದತ್ತಾಂಶಗಳು ಇವೆ’ ಎಂದು ಬಹುವಚನ ಸಲೀಸಾಗಿ ಬರುತ್ತದೆ.

ಕೊಡುವ ಮುನ್ನ

ಇಷ್ಟೊಂದು ಭಾಷೆಗಳು ಡೇಟಾವನ್ನು ‘ಕೊಟ್ಟದ್ದು’ ಎನ್ನುವಾಗ ಒಂದು ಪ್ರಶ್ನೆ ಉಳಿಯುತ್ತದೆ. ಕೊಟ್ಟವರು ಯಾರು, ಕೊಟ್ಟದ್ದು ಯಾರಿಗೆ? ಕೆಲವು ಡೇಟಾ ಎಲ್ಲರಿಗೂ ಸಿಗಬೇಕಾದದ್ದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಜೀವ ಕಳೆದುಕೊಂಡರು. ಆಮೇಲೆ ಮಳೆಯ ಮಿಲಿಮೀಟರ್ ಲೆಕ್ಕ ನಮಗೆ ಬರೀ ಅಂಕಿಯಾಗಿ ಉಳಿದಿಲ್ಲ.

ಇನ್ನು ಕೆಲವು ಡೇಟಾ ನಮ್ಮವೇ: ಹೆಸರು, ಫೋನ್ ನಂಬರ್, ಫೋಟೊ, ಎಲ್ಲಿದ್ದೇವೆ ಎಂಬ ವಿವರ. ಹೊಸ ಆಪ್ ಹಾಕಿಕೊಳ್ಳುವಾಗ ಓದದೆಯೇ ‘ಅಲೋ’ ಒತ್ತುತ್ತೇವೆ. ಅದೂ ಕೊಡುವುದೇ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಅವಕಾಶವಿದೆ. 18 ವರ್ಷ ತುಂಬದವರ ವಿಷಯದಲ್ಲಿ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ನಮ್ಮ ಕಾಲೇಜಿನ ಹೆಚ್ಚಿನವರು ಈ ವಯಸ್ಸಿನವರೇ.

‘ಈಸ್’ ಬರೆದರೂ ಸರಿ, ‘ಆರ್’ ಬರೆದರೂ ಸರಿ, ಅಂಕ ಹೋಗುವುದಿಲ್ಲ. ಆದರೆ ಮುಂದಿನ ಸಲ ಪರದೆಯ ಮೇಲೆ ‘ಅಲೋ’ ಬಂದಾಗ ಈ ಪದದ ಅರ್ಥವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕೊಡುವುದು ನಮ್ಮ ಕೈಯಲ್ಲಿದೆ. ಏನು ಕೊಡುತ್ತಿದ್ದೇವೆ, ಯಾರಿಗೆ ಕೊಡುತ್ತಿದ್ದೇವೆ ಎಂದು ಓದಿಯೇ ಒತ್ತಿ.