ಕೆಂಪು ಸೆಂಟಿಗೆ ಅಯಸ್ಕಾಂತ ಹಿಡಿಯಿರಿ

1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಅಮೆರಿಕ ತನ್ನ ಒಂದು ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಟಂಕಿಸಿತು. ನೂರು ಕೋಟಿಗೂ ಹೆಚ್ಚು ನಾಣ್ಯಗಳು! ಹಾಗಾಗಿ ಆ ಬೂದು ಸೆಂಟಿಗೆ ದೊಡ್ಡ ಬೆಲೆಯೇನಿಲ್ಲ. ಕಣ್ತಪ್ಪಿ ಕೆಲವೇ ಕೆಲವು ಕಂಚಿನಲ್ಲಿ ಬಂದವು. ಅಂಥದೊಂದು ಲಕ್ಷ ಡಾಲರಿಗೂ ಮೀರಿ ಹರಾಜಾಗಿದೆ. ಇನ್ನೇನು, ನಕಲಿಗಳ ಸಂತೆ!

ಮಕ್ಕಳೇ, ಅಜ್ಜ ಆನ್‌ಲೈನ್‌ನಲ್ಲಿ ಕೆಂಪು ಸೆಂಟ್ ತರಿಸಿದರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರ ಬಳಿದ ಉಕ್ಕು. ಅಂಟದಿದ್ದರೂ ಕುಣಿಯಬೇಡಿ, 1948ರ 8 ಅನ್ನು ಕೆರೆದು 3 ಮಾಡುವ ಜಾಣರಿದ್ದಾರೆ. ಅಜ್ಜಿಯ ಭೂತಕನ್ನಡಿ ತನ್ನಿ. ಬೂದು ಸೆಂಟಿನ ಪಕ್ಕ ಇಟ್ಟು ನೋಡಿ: ಅಸಲಿ 3ರ ಬಾಲ ಉದ್ದ, ಕೆಳಗೆ ಇಳಿದಿರುತ್ತದೆ, ಕೆರೆದದ್ದು ಮೊಂಡು. ಇಷ್ಟರಲ್ಲೂ ಗೆದ್ದರೆ ತಜ್ಞರಿಗೆ ತೋರಿಸಿ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ಬೆಲೆ ಇಳಿಯುತ್ತದೆ.